ನಿಂತು ನಿಂತು ಮನೆ ಸೇರಿದ ದಿನಗಳು

ಮುಂಬೈಯ ಭಾಂಡುಪ್ ಸ್ಟೇಷನ್ನಿನಿಂದ ನಮ್ಮ ಬಿಲ್ಡಿಂಗಿಗೆ ನಡೆದರೆ ಇಪ್ಪತ್ತು ನಿಮಿಷ. ಕೊನೆಯ ಅರ್ಧ ದಾರಿ ಏರು. ಮದುವೆಯಾದಾಗಿನಿಂದ ದಿನಾ ಸಂಜೆ ಆಫೀಸಿನಿಂದ ಬಂದು ಆ ದಾರಿಯಲ್ಲೇ ನಡೆಯುತ್ತಿದ್ದೆ. ಐವತ್ನಾಲ್ಕು ತುಂಬಿದ ವರ್ಷ, ಮಳೆಗಾಲದಲ್ಲಿ, ಎಡಗಾಲಿನ ಮೀನಖಂಡ ಹಿಡಿದುಕೊಳ್ಳತೊಡಗಿತು. ಐದು ನಿಮಿಷ ನಡೆದರೆ ಯಾರೋ ಒಳಗಿನಿಂದ ಹಿಂಡಿದ ಹಾಗೆ. ಎರಡು ನಿಮಿಷ ನಿಂತರೆ ನೋವು ಮಾಯ. ಮತ್ತೆ ನಡೆದರೆ ಮತ್ತೆ ಅದೇ.

ರಸ್ತೆಯಲ್ಲಿ ಸುಮ್ಮನೆ ನಿಲ್ಲುವುದಕ್ಕೆ ನನಗೆ ನಾಚಿಕೆ. ಅದಕ್ಕೆ ಅಂಗಡಿಗಳ ಮುಂದೆ ನಿಲ್ಲತೊಡಗಿದೆ. ನಿಂತ ಮೇಲೆ ಬರಿಗೈಯಲ್ಲಿ ಹೊರಡಲು ಸಂಕೋಚ. ಹೀಗಾಗಿ ದಿನವೂ ಲಿಂಬೆಹಣ್ಣು, ಕೊತ್ತಂಬರಿ, ಬಾಚಣಿಗೆ, ಕರ್ಚೀಫು ಅಂತ ಏನಾದರೊಂದು ಮನೆಗೆ ಬರುತ್ತಿತ್ತು.

ಹೆಂಡತಿ ಮೊದಮೊದಲು ಸುಮ್ಮನಿದ್ದಳು. ನಾವಿಬ್ಬರೂ ವಿಜಯಪುರದ ಕಡೆಯವರು; ಸಿಟ್ಟು ಬಂದಾಗ ಅವಳ ಮಾತಿನಲ್ಲಿ ಆ ಊರು ಇನ್ನೂ ಗಟ್ಟಿಯಾಗಿ ಕೇಳಿಸುತ್ತದೆ. ಒಂದು ದಿನ ಲಿಂಬೆಹಣ್ಣಿನ ಬುಟ್ಟಿಯನ್ನೇ ತಂದು ನನ್ನ ಮುಂದಿಟ್ಟಳು.

"ರೀ, ಮನ್ಯಾಗ ಇರೂದು ಮೂರು ಮಂದಿ. ಇಷ್ಟು ತಗೊಂಡು ಉಪ್ಪಿನಕಾಯಿ ಅಂಗಡಿ ಇಡೂಣೇನು?"

"ತಾಜಾ ಇದ್ವು, ಅದಕ್ಕ ತಂದೆ," ಅಂದೆ.

ಅವಳು ನಂಬಲಿಲ್ಲ. ಮರುದಿನ ಲೋಕಲ್ ಇಳಿದು ಹೊರಬಂದರೆ ಸ್ಟೇಷನ್ ಬಾಗಿಲಲ್ಲೇ ನಿಂತಿದ್ದಳು. ಇಬ್ಬರೂ ಹೊರಟೆವು. ಲಿಂಬೆಹಣ್ಣಿನವಳ ಹತ್ತಿರ ನಾನು ನಿಲ್ಲಲು ಹೋದರೆ, "ಇವತ್ತ ಬ್ಯಾಡ, ನಡೀರಿ," ಎಂದು ಮುಂದೆ ನಡೆದಳು. ಹಲ್ಲು ಕಚ್ಚಿ ಹಿಂದೆ ಹೋದೆ. ಏರು ಶುರುವಾಗುವಲ್ಲಿ ಅವಳು ತಿರುಗಿ ನೋಡಿದಾಗ ನನ್ನ ಮುಖವೆಲ್ಲ ಬೆವತಿತ್ತು.

"ಕಾಲು ನೋಯ್ತದ?"

"ಸ್ವಲ್ಪ."

"ಯಾವಾಗಿಂದ?"

"ಮಳಿಗಾಲದಿಂದ."

ಆಗ ಜನವರಿ. ಅವಳು ಮುಚ್ಚಿದ್ದ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ನನ್ನ ಮುಂದ ಹೇಳಾಕ ಏನಾಗಿತ್ತು ನಿಮಗ?"

ಏನಾಗಿತ್ತೆಂದರೆ ಭಯ. ನನಗೆ ಹದಿನಾಲ್ಕು ವರ್ಷದಿಂದ ಶುಗರ್. ಮಾತ್ರೆ ನುಂಗುತ್ತಿದ್ದೆ, ಆದರೆ ರಿಪೋರ್ಟಿನ ಅಂಕಿ ಹೆಚ್ಚಿಗೆ ಬಂದಾಗಲೆಲ್ಲ ಅದನ್ನು ಕಪಾಟಿನಲ್ಲಿಟ್ಟು ಮರೆಯುತ್ತಿದ್ದೆ. ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನವರಿಗೂ ಶುಗರ್ ಇತ್ತು. ಅವರ ಕಾಲ್ಬೆರಳುಗಳನ್ನು ತೆಗೆದಿದ್ದರು. ಡಾಕ್ಟರ ಹತ್ತಿರ ಹೋದರೆ ನನಗೂ ಅದನ್ನೇ ಹೇಳುತ್ತಾರೆಂದು ಹೆದರಿದ್ದೆ. ಇದನ್ನು ಅವಳ ಪಕ್ಕದಲ್ಲಿ ಕೂತು ಹೇಳಿದೆ. ಅವಳು ನನ್ನ ಕೈಯಿಂದ ಟಿಫಿನ್ ಚೀಲ ಇಸಿದುಕೊಂಡು, "ನಾಳೆ ರಜಾ ಹಾಕ್ರಿ," ಅಂದಳು.

ಮರುದಿನ ಚೆಂಬೂರಿನಲ್ಲಿ ನಾವು ಕಂಡ ಡಾಕ್ಟರು ಚಿಕ್ಕ ವಯಸ್ಸಿನ ಹೆಣ್ಣುಮಗಳು. ನಮ್ಮ ಕನ್ನಡ ಕೇಳಿ, "ನನ್ನ ಅಮ್ಮ ಉಡುಪಿಯವರು," ಎಂದು ಕನ್ನಡದಲ್ಲೇ ಶುರು ಮಾಡಿದರು. ಬಿಪಿ ಪಟ್ಟಿಯನ್ನು ತೋಳಿಗೆ ಕಟ್ಟಿ ನೋಡಿದರು, ಆಮೇಲೆ ಕಣಕಾಲಿಗೂ ಕಟ್ಟಿದರು. ಕಾಲಿಗೆ ಪಟ್ಟಿ ಕಟ್ಟಿದ್ದನ್ನು ನಾನು ಅದೇ ಮೊದಲು ಕಂಡದ್ದು. ಎಡಗಾಲಿನಲ್ಲಿ ಒತ್ತಡ ತೋಳಿಗಿಂತ ಬಹಳ ಕಡಿಮೆ ಇತ್ತು. ಸ್ಕ್ಯಾನ್ ಮಾಡಿಸಿದಾಗ ತೊಡೆಯ ದೊಡ್ಡ ರಕ್ತನಾಳ ಕಿರಿದಾಗಿರುವುದು ಕಾಣಿಸಿತು.

"ಶುಗರ್ ವರ್ಷಗಟ್ಟಲೆ ಜಾಸ್ತಿ ಇದ್ರೆ ರಕ್ತನಾಳದ ಒಳಗಿನ ಪದರಕ್ಕೆ ಪೆಟ್ಟಾಗ್ತದೆ," ಎಂದರು ಡಾಕ್ಟರು. "ಪೆಟ್ಟಾದಲ್ಲಿ ಕೊಬ್ಬು ಸೇರ್ತದೆ, ಗೋಡೆ ದಪ್ಪ ಆಗಿ ಗಟ್ಟಿಯಾಗ್ತದೆ. ನೀವು ನಡೀವಾಗ ಸ್ನಾಯು ಹೆಚ್ಚು ರಕ್ತ ಕೇಳ್ತದೆ, ಅಷ್ಟು ಬರುವುದಿಲ್ಲ. ಅದಕ್ಕೇ ನೋವು. ಇದು ಕಾಲಲ್ಲಿ ಮಾತ್ರ ಆಗುವಂಥದ್ದಲ್ಲ. ಹೃದಯಕ್ಕೆ, ಮಿದುಳಿಗೆ ಹೋಗುವ ನಾಳಗಳಲ್ಲೂ ಆಗ್ತದೆ. ಎಲ್ಲ ಪರೀಕ್ಷೆ ಮಾಡುವ."

"ಕಾಲು ತೆಗೀತಾರೇನ್ರಿ?" ಎಂದು ಕೇಳಿದೆ.

"ಅಯ್ಯೋ, ಈಗ ಆ ಮಾತೇ ಇಲ್ಲ. ಗಾಯ ಇಲ್ಲ, ಪಾದ ಬೆಚ್ಚಗಿದೆ. ನಿಮಗೆ ಔಷಧಿ ನಡೆಯುವುದೇ. ನೋವು ಜೋರಾಗುವವರೆಗೆ ನಡೀಬೇಕು, ನಿಲ್ಬೇಕು, ನೋವು ಹೋದ ಮೇಲೆ ಮತ್ತೆ ನಡೀಬೇಕು. ದಿನಾ ಅರ್ಧ ಗಂಟೆ, ಒಂದು ದಿನವೂ ಬಿಡದೆ."

ನಡೆದರೆ ಇನ್ನಷ್ಟು ಕೆಡುತ್ತದೆ ಎಂದುಕೊಂಡು ಆರು ತಿಂಗಳು ಭಾನುವಾರ ಹಾಸಿಗೆ ಬಿಟ್ಟಿರಲಿಲ್ಲ ನಾನು. ಶುಗರ್ ಮಾತ್ರೆ ಬದಲಾಯಿಸಿದರು. ಕೊಬ್ಬಿಗೆ, ಬಿಪಿಗೆ, ರಕ್ತ ಹೆಪ್ಪುಗಟ್ಟದಿರಲು ಬೇರೆ ಬೇರೆ ಮಾತ್ರೆ ಕೊಟ್ಟರು. ಡಾಕ್ಟರು ಬಿಡಲೇಬೇಕೆಂದ ಊಟದ ಮೇಲಿನ ಸಿಗರೇಟಿನ ವಿಷಯವನ್ನು ಮಗಳು ತನ್ನ ಕೈಗೆ ತಗೊಂಡಳು. ಅವಳು ವಿಲೆ ಪಾರ್ಲೆಯ ಕಾಲೇಜಿನಲ್ಲಿ ಕೊನೆಯ ವರ್ಷ. "ಅಪ್ಪಾ, ನಿಮ್ದು ಸಿಗರೇಟ್ ಬಂದ್. ಬಸ್. ನೋ ಡಿಸ್ಕಶನ್," ಎಂದು ಪ್ಯಾಕೆಟ್ಟನ್ನು ನನ್ನೆದುರೇ ಮುರಿದಳು. ಎರಡು ಸಲ ಕದ್ದು ಸೇದಿದೆ. ಮೂರನೆಯ ಸಲ ಮನಸ್ಸು ಬರಲಿಲ್ಲ.

ಬೆಳಗ್ಗೆ ಹೆಂಡತಿಯೂ ನಾನೂ ಕಾಲೊನಿಯ ಸಮತಟ್ಟು ರಸ್ತೆಯಲ್ಲಿ ನಡೆಯುತ್ತಿದ್ದೆವು. ಮೊದಲ ತಿಂಗಳು ಬರೀ ನಿಲ್ಲುವುದೇ ಆಯಿತು. ನಾನು ನಿಂತಾಗ ಅವಳೂ ನಿಂತು, ತವರಿನ ಸುದ್ದಿ, ಪಕ್ಕದ ಮನೆ ಸುದ್ದಿ ಏನೇನೋ ಹೇಳುತ್ತಿದ್ದಳು. ಎಷ್ಟೋ ವರ್ಷ ನಾವು ಅಷ್ಟು ಮಾತಾಡಿರಲಿಲ್ಲ. ಮೂರನೆಯ ತಿಂಗಳಿಗೆ, ನೋವಿಲ್ಲದೆ ನಡೆಯುವ ಹೊತ್ತು ಐದು ನಿಮಿಷ ಇದ್ದದ್ದು ಹನ್ನೆರಡಾಯಿತು. ಹೃದಯದ ಪರೀಕ್ಷೆಯಲ್ಲಿ ಸದ್ಯ ಹೆದರುವಂಥದ್ದೇನೂ ಇಲ್ಲ ಎಂದು ಬಂತು. "ನಾಳ ಮೊದಲಿನ ಹಾಗೆ ಆಗುವುದಿಲ್ಲ," ಎಂದು ಡಾಕ್ಟರು ಮುಚ್ಚಿಡದೆ ಹೇಳಿದರು. "ಆದ್ರೆ ಇದ್ದ ರಕ್ತದಲ್ಲೇ ಹೆಚ್ಚು ಕೆಲಸ ಮಾಡ್ಲಿಕ್ಕೆ ಸ್ನಾಯು ಕಲೀತಾ ಉಂಟು. ಬಿಡಬೇಡಿ."

ಅದರ ಮುಂದಿನ ವರ್ಷ ಮಗಳ ಪದವಿ ಸಮಾರಂಭಕ್ಕೆ ಹೋದೆವು. ಸ್ಟೇಷನ್ನಿನಿಂದ ರಿಕ್ಷಾ ಮಾಡೋಣವೆಂದು ಹೆಂಡತಿ ಕೈ ಎತ್ತಿದ್ದಳು, ನಾನು ಬೇಡವೆಂದೆ. ದಾರಿಯಲ್ಲಿ ಒಂದೇ ಸಲ ನಿಂತೆ. ಹಾಲ್ ಎರಡನೇ ಮಹಡಿಯಲ್ಲಿತ್ತು, ಲಿಫ್ಟಿನ ಮುಂದೆ ಉದ್ದ ಸಾಲು. ನಾವಿಬ್ಬರೂ ಮೆಟ್ಟಿಲು ಹತ್ತಿ ಮೇಲೆ ಬಂದದ್ದನ್ನು ನೋಡಿ ಮಗಳು ಕರಿ ಗೌನಿನಲ್ಲೇ ಓಡಿ ಬಂದಳು.

"ಅಪ್ಪಾ, ನೀವು ಸ್ಟೆಪ್ಸ್‌ನಿಂದ ಬಂದ್ರಿ?"

"ಹೂಂ," ಅಂದೆ. ಮೀನಖಂಡ ಸ್ವಲ್ಪ ಬಿಗಿದಿತ್ತು. ಹೆಂಡತಿ ಅಷ್ಟರಲ್ಲಿ ಎರಡನೇ ಸಾಲಿನಲ್ಲಿ ಮೂಲೆಯ ಕುರ್ಚಿ ಹಿಡಿದು ನನ್ನನ್ನು ಕರೆಯುತ್ತಿದ್ದಳು.