ನೀರಿನೊಳಗಿನ ಕಲ್ಲು

ನೀಲವ್ವತ್ತಿ ನೀರನ್ನು ಸುಮ್ಮನೆ ಕುಡಿದವರಲ್ಲ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಎರಡೂ ಕೆನ್ನೆ ಉಬ್ಬಿಸಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಅಷ್ಟು ಹೊತ್ತು ಮನೆಯಲ್ಲಿ ಯಾರೂ ಮಾತಾಡುವಂತಿರಲಿಲ್ಲ. ಆಮೇಲೆ ನುಂಗಿ ತೀರ್ಪು ಕೊಡುತ್ತಿದ್ದರು: "ತಣ್ಣಗೇನೋ ಐತಿ. ಆದ್ರ ಒಳಗ ಕಲ್ಲ ಐತಿ."

ಅವರು ನನ್ನ ಮಾವನವರ ಅಕ್ಕ. ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ಕಟಕೋಳದ ತೌರುಮನೆಗೆ ಬಂದಿದ್ದರು. ನಾನು ರಾಮದುರ್ಗದಿಂದ ಆ ಮನೆಗೆ ಸೊಸೆಯಾಗಿ ಬಂದ ವರ್ಷವೇ ಹಿತ್ತಿಲಲ್ಲಿ ಹೊಸ ಬಾವಿ ತೋಡಿಸಿದ್ದರು. ನಾನು ಹೊಳೆಯ ನೀರಿನಲ್ಲಿ ಅಡಿಗೆ ಕಲಿತವಳು. ಇಲ್ಲಿ ಕಟ್ಟಿಗೆಯೆಲ್ಲ ಉರಿದು ಹೋದರೂ ಬೇಳೆ ಮಣಿಯಂತೆ ಉಳಿಯುತ್ತಿತ್ತು. ಬಾವಿ ಹೊಸದು ಎಂಬುದು ಯಾರ ಲಕ್ಷ್ಯಕ್ಕೂ ಬರಲಿಲ್ಲ. ಸೊಸೆ ಹೊಸಬಳು ಎಂಬುದು ಎಲ್ಲರಿಗೂ ಕಾಣುತ್ತಿತ್ತು.

"ನಿಮ್ಮವ್ವ ಒಲಿ ಹಚ್ಚೂದನ್ನೂ ಕಲಿಸಿಲ್ಲೇನ?" ಎಂದು ನನ್ನ ಅತ್ತೆ ಗಂಗವ್ವನವರು ಕೇಳುತ್ತಿದ್ದರು. ಆ ಶುಕ್ರವಾರ ನನ್ನ ನಾದಿನಿಯನ್ನು ನೋಡಲು ನೇಸರಗಿಯಿಂದ ಬೀಗರಾಗುವವರು ಬರುವುದಿತ್ತು. ಹೋಳಿಗೆ ಆಗಲೇಬೇಕು. "ಅವತ್ತೂ ಹೂರಣದ ಬ್ಯಾಳಿ ಬೇಯಲಿಲ್ಲಂದ್ರ ಈಕಿನ್ನ ತೌರಮನಿಗೆ ಕಳಸ್ತೇನಿ, ಕಲತು ಬರ್ಲಿ" ಎಂದರು. ಹಾಗೆ ಹೋದ ಹುಡುಗಿಯನ್ನು ಮತ್ತೆ ಕರೆಸಿಕೊಳ್ಳುತ್ತಾರೆಂಬ ಭರವಸೆ ಆ ಕಾಲದಲ್ಲಿ ಇರಲಿಲ್ಲ.

ನೀಲವ್ವತ್ತಿ ಸೀರೆಯ ಸೆರಗು ಸೊಂಟಕ್ಕೆ ಬಿಗಿದರು. "ಏ ಗಂಗವ್ವಾ, ಹುಡುಗಿ ಕೈ ಸುದ್ದಿ ಬಿಡು, ಬಾವಿ ಸುದ್ದಿ ಕೇಳು. ನೀರ ಮೆತ್ತಗ ಮಾಡೂದು ನನಗ ಬಿಡು!"

ಓಣಿಯೋಣಿ ತಿರುಗಿ ಸಂಜೆಗೆ ಮೂರು ಮದ್ದು ತಂದರು: ಜೋಳದ ದಂಟು ಸುಟ್ಟ ಬೂದಿ, ಅಗಸರ ಸೋಡಾ, ಎಲೆಗೆ ಹಚ್ಚುವ ಸುಣ್ಣ. ಒಂದೊಂದು ಕೊಡಕ್ಕೆ ಒಂದೊಂದನ್ನು ಕದಡಿಟ್ಟರು. ಮುಂಜಾನೆ ಮೇಲಿನ ತಿಳಿಯನ್ನಷ್ಟೇ ಮೂರು ಬೋಗುಣಿಗೆ ಬಸಿದು, ತಲೆ ತೊಳೆಯುವ ಅಂಟವಾಳಕಾಯಿ ಹಾಕಿ ಕಡೆದರು. ಕಲ್ಲಿರುವ ನೀರಿಗೆ ನೊರೆ ಬರುವುದಿಲ್ಲ ಎಂಬುದು ಅವರ ಲೆಕ್ಕ. ಮೂರರಲ್ಲೂ ನೊರೆ ಉಕ್ಕಿ ಬಂತು.

"ಮೂರೂ ಗೆದ್ದವು! ನೋಡ ಗಂಗವ್ವಾ, ಮೂರೂ!" ಎಂದು ಚಪ್ಪಾಳೆ ತಟ್ಟಿದರು.

ಅತ್ತೆ ಬಾವಿಯಿಂದ ಆಗಷ್ಟೇ ಸೇದಿದ ನೀರನ್ನು ನಾಲ್ಕನೆಯ ಬೋಗುಣಿಗೆ ಸುರಿದು, ಅದೇ ಕಾಯಿ ಹಾಕಿ ಕಡೆದರು. ಅದರಲ್ಲೂ ಅಷ್ಟೇ ನೊರೆ!

"ಇದೂ ಗೆದ್ದೈತಿ ನೋಡ್ರಿ, ಅಕ್ಕಾರ."

ನೀಲವ್ವತ್ತಿ ಕ್ಷಣ ಹೊತ್ತು ಬೋಗುಣಿಯನ್ನೇ ದಿಟ್ಟಿಸಿದರು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕರು. "ಈ ಕಾಯಿ ಸುಳ್ಳ ಸಾಕ್ಷಿ ಹೇಳತೈತಿ! ಯಾವ ನೀರಿಗೂ ಹೂಂ ಅಂತೈತಿ!"

ನನ್ನ ಗಂಡ ಬೆಳಗಾವಿಯಿಂದ ತಂದ ಒಂದು ಸಾಬಣ ಬಚ್ಚಲ ಹೊರಗೋಡೆಯ ಮೇಲಿತ್ತು. ಅದರಲ್ಲಿ ಪ್ರಾಣಿಗಳ ಚರಬಿ ಇರುತ್ತದೆಂದು ಹೊಸ್ತಿಲು ದಾಟಿಸಿರಲಿಲ್ಲ. ಎಂದೂ ಅದನ್ನು ಮುಟ್ಟದ ನೀಲವ್ವತ್ತಿ ಈಗ ಔಡಲ ಎಲೆಯಲ್ಲಿ ಹಿಡಿದು ಬೋಗುಣಿಗಳನ್ನೆಲ್ಲ ತೊಳೆಸಿ, ಅದೇ ನಾಲ್ಕು ನೀರು ಹೊಸದಾಗಿ ತುಂಬಿಸಿ ಬಚ್ಚಲಿಗೆ ತರಿಸಿದರು. ಬರೀ ಬಾವಿಯ ನೀರಿನಲ್ಲಿ ಸಾಬಣ ಒಡೆದ ಹಾಲಿನಂತೆ ಮುದ್ದೆಗಟ್ಟಿ ತೇಲಿತು. ಉಳಿದ ಮೂರರಲ್ಲಿ ನೊರೆಯೆದ್ದಿತು. "ಇಂವ ಖರೇ ಸಾಕ್ಷಿ. ಆದ್ರ ಅಡಗಿಮನಿಗೆ ಬರೂದು ಬ್ಯಾಡಪಾ!" ಎಂದವರೇ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡು ಬಂದರು.

ಮೂರು ನೀರಿನಲ್ಲೂ ಹಿಡಿ ಹಿಡಿ ಕಡಲೆಬೇಳೆ ಬೇಯಿಸಿದೆವು. ಸೋಡಾದ್ದು ಬೇಗ ಕರಗಿತು, ಆದರೆ ಅಗಸರ ಬಟ್ಟೆಯ ವಾಸನೆ ಹೊಡೆಯಿತು. ಬೂದಿಯದ್ದು ಕಪ್ಪಿಟ್ಟಿತು. ಸುಣ್ಣದ್ದು ತಡವಾಗಿ ಬೆಂದರೂ ಬಣ್ಣ ಉಳಿಸಿಕೊಂಡಿತು. ನೀಲವ್ವತ್ತಿ ಸುಣ್ಣದ ತಿಳಿನೀರಿನಿಂದ ಕೆನ್ನೆ ಉಬ್ಬಿಸಿ ನಿಂತರು. ಎಲ್ಲರೂ ಸುಮ್ಮನಾದೆವು. "ಇದ ಆಗಬೇಕು," ಎಂದರು. "ಬಾಯಿಗೆ ಏನೂ ಹೇಳೂದಿಲ್ಲ."

ಶುಕ್ರವಾರ ಬೀಗರು ಪಡಸಾಲೆಯಲ್ಲಿ ಕುಳಿತಾಗ ಬೇಳೆ ಇನ್ನೂ ಒಲೆಯ ಮೇಲಿತ್ತು. ಅತ್ತೆ ಒಂದು ಕಾಳನ್ನು ಎತ್ತಿ ಹೆಬ್ಬೆರಳಿನಿಂದ ಒತ್ತಿದರು. ಅದು ಹಿಟ್ಟಾಯಿತು. ಬೆರಳನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. "ಹೂರಣ ನೀನ ರುಬ್ಬು. ನೀನ ಬಡಸು."

ವಿಧವೆಯೆಂದು ಶುಭಕಾರ್ಯಕ್ಕೆ ಮುಂದೆ ಬಾರದೆ ಬಾಗಿಲ ಹಿಂದೆ ನಿಂತಿದ್ದ ನೀಲವ್ವತ್ತಿ ಇದನ್ನು ಕೇಳಿ ಎಂಥ ಜಿಗಿತ ಜಿಗಿದರೆಂದರೆ ಎರಡು ತಂಬಿಗೆ ಉರುಳಿದವು.

"ಏನ್ರಿ ಅದು ಸಪ್ಪಳ?" ಎಂದರು ಬೀಗರು.

"ಬೆಕ್ಕ ಐತ್ರಿ. ಭಾಳ ಹುಷಾರ ಬೆಕ್ಕ," ಎಂದರು ಅತ್ತೆ.

ಕೆಲವು ವರ್ಷಗಳ ಮೇಲೆ ಪ್ಲೇಗು ಬಂದು ಊರೆಲ್ಲ ಹೊಲದ ಗುಡಿಸಲು ಸೇರಿತು. ಅಲ್ಲಿ ನೀಲವ್ವತ್ತಿಗೆ ಜ್ವರ ಏರಿತು. ನೀರು ಕೇಳಿದರು. ನಾನು ಸುಣ್ಣದ ಕೊಡದಿಂದ ಬಸಿದು ತಂದೆ. ಒಂದು ಗುಟುಕು ಬಾಯಿಗೆ ತೆಗೆದುಕೊಂಡು ಅವರು ಕೆನ್ನೆ ಉಬ್ಬಿಸಿದರು, ಮೆಲ್ಲಗೆ ನುಂಗಿದರು. "ಮೆತ್ತಗೈತಿ, ತಂಗಿ" ಎಂದು ಕಣ್ಣು ಮುಚ್ಚಿದರು.

ನಾವು ಬಹಳ ಹೊತ್ತು ಸುಮ್ಮನೆ ನಿಂತಿದ್ದೆವು. ಅವರು ಕಣ್ಣು ಮುಚ್ಚಿದಾಗ ಮಾತಾಡಬಾರದೆಂಬ ರೂಢಿ ನಮಗೆ.