‘ಶಲ್’ ಬಿಟ್ಟು ‘ವಿಲ್’ ಬರೆದು ಜಯನಗರದಲ್ಲೇ ಉಳಿದದ್ದು

ಗದಗಿನಿಂದ ಬಂದು ಟ್ರಂಕು ಕೆಳಗಿಡುವ ಮೊದಲೇ ಜಯನಗರದಲ್ಲಿ ನನ್ನ ವ್ಯಾಕರಣದ ತಪಾಸಣೆಯಾಯಿತು. ಹಾಸಿಗೆಯನ್ನು ಸಂಜೆ ತರುತ್ತೇನೆ ಎಂಬುದನ್ನು ಠೀವಿಯಿಂದ ‘ಐ ವಿಲ್ ಬ್ರಿಂಗ್’ ಎಂದೆ.

“‘ಐ’ಗೆ ‘ಶಲ್’ ಕಣಯ್ಯ,” ಎಂದರು ಮನೆ ಮಾಲೀಕ ಶೇಷಪ್ಪನವರು. “‘ಐ ವಿಲ್’ ಅಂದ್ರೆ ಶಪಥ ಆಗುತ್ತೆ. ಹಾಸಿಗೆ ತರೋಕೆ ಶಪಥ ಯಾಕೆ?”

ಗದಗಿನ ಓದುಗರೇ, ನಗಬೇಡಿ. ಈ ಮಹಾನುಭಾವರೇ ನಮ್ಮ ಆಫೀಸಿನ ಹೆಡ್ ಕ್ಲರ್ಕು. ಬೆಳಿಗ್ಗೆ ಅವರ ಗೇಟು, ಹಗಲು ಅವರ ಮೇಜು, ಸಂಜೆ ಬಸ್ಸಿನಲ್ಲಿ ಅವರ ಪಕ್ಕದ ಸೀಟು. ನನ್ನ ಕೋಣೆಗಿರುವ ಒಂದೇ ಕಿಟಕಿ ತೆರೆದರೆ ಅವರ ವರಾಂಡ. ನಮ್ಮಲ್ಲಿ ದಾರಿ ಕೇಳಿದರೆ ಬೇವಿನ ಮರ ತೋರಿಸುತ್ತಾರೆ. ಇಲ್ಲಿ ಮನೆಯಿಲ್ಲದ ಮಣ್ಣುರಸ್ತೆಗೂ ಮೇನು, ಕ್ರಾಸು ಎಂದು ನಂಬರು. ರೊಟ್ಟಿ ಕೇಳಿದರೆ ಅನ್ನ, ಅನ್ನದ ಮೇಲೆ ಸಾರು, ಆಮೇಲೆ ಮತ್ತೆ ಅನ್ನ. ನಾನು ‘ಹೌದ್ರೀ’ ಎಂದರೆ ಇಡೀ ಆಫೀಸು ‘ಹೌದ್ರೀ’ ಎಂದು ನಗುತ್ತಿತ್ತು.

ಸೇಡು ತೀರಿಸಿಕೊಳ್ಳಲು ನನಗಿದ್ದದ್ದು ಗಂಟಲು ಮಾತ್ರ. ಟಿಫಿನ್ ಹೊತ್ತಿನಲ್ಲಿ ಶೇಷಪ್ಪನವರಂತೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅವರದೇ ದನಿಯಲ್ಲಿ “ಮಿಸ್ಟರ್, ಯೂ ವಿಲ್ ಈಟ್ ಇಡ್ಲಿ. ಐ ಶಲ್ ಈಟ್ ಯೂ!” ಎನ್ನುತ್ತಿದ್ದೆ. “ಗುರು, ಇನ್ನೊಂದ್ಸಲ!” ಎಂದು ಗೆಳೆಯರು ಮೇಜು ಬಡಿಯುತ್ತಿದ್ದರು. ಈ ನಾಟಕ ಶೇಷಪ್ಪನವರ ಕಿವಿಗೆ ಬಿದ್ದಿತ್ತೋ ಇಲ್ಲವೋ ಇಂದಿಗೂ ತಿಳಿಯದು.

ವರ್ಷದೊಳಗೆ ಗದಗಿನ ಶಾಖೆಯಲ್ಲಿ ಜಾಗ ಖಾಲಿಯಾಯಿತು. ನನ್ನನ್ನು ಸಾಕಿದ ಅಕ್ಕ ಆ ಸುದ್ದಿಗೇ ಕಾದಿದ್ದಳು. ವರ್ಗಕ್ಕೆ ಅರ್ಜಿ ಬರೆದೆ. ಕಿಡಿಗೇಡಿ ಬುದ್ಧಿ ಸುಮ್ಮನಿರಬೇಕಲ್ಲ, ‘ಶಲ್’ ಇರಬೇಕಾದಲ್ಲೆಲ್ಲ ಬೇಕೆಂದೇ ‘ವಿಲ್’ ಜಡಿದೆ. ಆ ಜಾಗ ಬೇರೆಯವನ ಪಾಲಾಯಿತು.

“ನನ್ನ ಅರ್ಜಿ ಏನಾತ್ರೀ ಸಾರ್?” ಎಂದು ಶೇಷಪ್ಪನವರನ್ನು ಕೇಳಿದೆ.

“‘ಆರ್ಡರು ಬರುವವರೆಗೆ ಐ ವಿಲ್ ರಿಮೇನ್ ಇನ್ ಬ್ಯಾಂಗಲೋರ್’ ಅಂತ ನೀನೇ ಬರ್ದಿದ್ದೀಯ. ಇಲ್ಲೇ ಇರ್ತೀನಿ ಅಂತ ಹಟ ಹಿಡಿದೋನ್ನ ಕತ್ತು ಹಿಡಿದು ಕಳಿಸೋಕಾಗುತ್ತಾ?”

“ಚಾಷ್ಟಿಗೆ ಬರದದ್ರೀ ಅದು!”

“ಆಫೀಸ್ ಕಾಗದದಲ್ಲಿ ತಮಾಷೆ ಮಾಡಬಾರ್ದಪ್ಪ.”

ಅಂದಿನಿಂದ ಎರಡು ವರ್ಷ ಅದೇ ಗೇಟು, ಅದೇ ಮೇಜು, ಅದೇ ಕಿಟಕಿ. ಅಣಕಿಸಲೆಂದು ಕಲಿತ ‘ಕಣಯ್ಯ’, ‘ಹೋಗಪ್ಪ’ಗಳು ಅಣಕ ಮುಗಿದ ಮೇಲೂ ಬಾಯಿಂದ ಇಳಿಯಲಿಲ್ಲ. ‘ಹೌದ್ರೀ’ ಎಂದು ನನ್ನನ್ನು ಯಾರೂ ಈಗ ರೇಗಿಸುವುದಿಲ್ಲ.

ಮೊನ್ನೆ ಶೇಷಪ್ಪನವರೇ ಕಿಟಕಿಯಿಂದ ಕಾಫಿ ಲೋಟ ಚಾಚಿದರು. “ಗದಗಿನಲ್ಲಿ ಮತ್ತೆ ಜಾಗ ಬಿದ್ದಿದೆ. ಈ ಸಲ ‘ಶಲ್’ ಹಾಕು ಮಾರಾಯ. ಸಾಹೇಬರಿಗೆ ನಾನೇ ಹೇಳ್ತೀನಿ.”

ಹೊಸದಾಗಿ ಬರೆದ ಅರ್ಜಿಯಲ್ಲಿ ಒಂದು ತಪ್ಪೂ ಇಲ್ಲ. ಆದರೆ ಸಹಿಯ ಜಾಗಕ್ಕೆ ಬಂದು ಪೆನ್ನು ನಿಂತುಬಿಟ್ಟಿದೆ.

ಅಷ್ಟರಲ್ಲಿ ಅಕ್ಕನ ಕಾರ್ಡು ಬಂತು: “ಈ ಸಲ ಖರೇ ಬರ್ತಿ ಏನು?” ಇಂಗ್ಲಿಷಿನಲ್ಲಾದರೆ ನನ್ನ ಉತ್ತರ ಶಪಥವೋ ಬರಿಯ ಅಂದಾಜೋ ಎಂದು ಆರಿಸಿಕೊಳ್ಳಬೇಕು. ಕನ್ನಡದಲ್ಲಿ ಆ ಕಾಟವಿಲ್ಲ. “ಬರ್ತೀನಿ ಅಕ್ಕ” ಎಂದಷ್ಟೇ ಬರೆದು ಟಪಾಲಿಗೆ ಹಾಕಿ, ಗೆದ್ದೆ ಎಂದುಕೊಂಡೆ.

ಇವತ್ತು ಅವಳ ಉತ್ತರ ಬಂದಿದೆ: “ನಮ್ಮ ಮನ್ಯಾಗ ಬರ್ತೇನಿ ಅಂತೇವಿ ತಮ್ಮಾ. ಈ ‘ಬರ್ತೀನಿ’ ಬರದಾವ ಯಾಂವ?”

ಕದ ಹಾಕಿಕೊಂಡು, ಆ ಸಾಲನ್ನು ಅವಳದೇ ದನಿಯಲ್ಲಿ ಹೇಳಿನೋಡಿದೆ. ನನ್ನ ಬಾಯಿಂದ ಶೇಷಪ್ಪನವರ ದನಿ ಬಂತು.