ಕಾಕಾನ ಕೊನೆಯ ಸೆರಗು

ಕರೆಂಟು ಹೋಗಬಹುದಿತ್ತು. ಕಾಕಾನ ಹಳೆಯ ಹಾರ್ಡ್ ಡಿಸ್ಕು ಕಟಕಟ ಎಂದು ಕಣ್ಣು ಮುಚ್ಚಬಹುದಿತ್ತು. ಜಾವಾ ತೀರ ಹೊಸದಾಯಿತೆಂದು ಕಂಪೈಲರು ಮುನಿಸಿಕೊಳ್ಳಬಹುದಿತ್ತು. ಎಲ್ಲ ಸರಿಹೋಗಿ, ತೆರೆದ ಫೈಲೇ ಖಾಲಿ ಇರಬಹುದಿತ್ತು. ಆಗ ಪಕ್ಕದಲ್ಲಿ ಕುಳಿತ ಕಾಕಾನ ಹೆಂಡತಿ, ನನ್ನ ಚಿಗವ್ವನ ಮುಖ ನೋಡಬೇಕಾಗುತ್ತಿತ್ತು. ಇಷ್ಟನ್ನೂ ಬೆಳಗಿನ ಚಹಾ ಆರುವುದರೊಳಗೆ ಯೋಚಿಸಿ ಮುಗಿಸಿದ್ದೆ ಎಂದರೆ ನನ್ನ ಸ್ವಭಾವ ನಿಮಗೆ ತಿಳಿದಿರಬೇಕು. "ಮಳಿ ಬರೂಕಿಂತ ಮೊದಲ ತೊಯ್ಸಿಕೊಳ್ಳಾಂವ ಲೇ ನೀ" ಎಂದು ಕಾಕಾ ಅನ್ನುತ್ತಿದ್ದ.

ಕಾಕಾ ಇಳಕಲ್ಲಿನ ನೇಕಾರ. ಮೊಣಕಾಲು ಕೈಕೊಟ್ಟು ಮಗ್ಗದ ಕುಣಿಗೆ ಇಳಿಯುವುದು ಕಷ್ಟವಾದ ಮೇಲೆ ಸೆರಗಿನ ಚಿತ್ತಾರಗಳನ್ನು ಕಂಪ್ಯೂಟರಿನಲ್ಲಿ ಬಿಡಿಸುವ ಹುಚ್ಚು ಹತ್ತಿತು. ಅವನಿಗೆಂದೇ ನಾನೊಂದು ಪ್ರೋಗ್ರಾಮು ಬರೆದುಕೊಟ್ಟೆ. ಬಾಗಲಕೋಟೆಯ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತೇನೆ; ನಾನು ಬರೆದ ಪ್ರೋಗ್ರಾಮನ್ನು ನಿಜವಾಗಿ ಬಳಸಿದ ಮನುಷ್ಯ ಅವನೊಬ್ಬನೇ. ಪರದೆಯ ಮೇಲೆ ಚಿತ್ತಾರದ ಒಂದೊಂದು ಚೌಕ ತುಂಬಿದಾಗಲೆಲ್ಲ ಮಗ್ಗದ ಮುಂದೆ ಕೂತವನಂತೆ ಕಾಲು ಆಡಿಸುತ್ತಿದ್ದ.

ಹೋದ ವರ್ಷ ಕಾಕಾ ತೀರಿಕೊಂಡ. ಕೊನೆಗೆ ಬಿಡಿಸಿದ ಸೆರಗೊಂದು ಮಗ್ಗ ಏರದೆ ಉಳಿಯಿತು.

"ಅದನ್ನೊಮ್ಮೆ ಕಣ್ಣಾಗ ನೋಡಬೇಕಪಾ" ಅಂದಳು ಚಿಗವ್ವ. "ಆಮ್ಯಾಲೆ ನೇಯಸ್ತೇನಿ."

ಆ ಪ್ರೋಗ್ರಾಮು ಚಿತ್ರ ತೋರಿಸಲು ಜಾವಾದ ಒಂದು ಗ್ರಾಫಿಕ್ಸ್ ಲೈಬ್ರರಿಯನ್ನು ನೆಚ್ಚಿಕೊಂಡಿತ್ತು. ಹೊಸ ಕಂಪ್ಯೂಟರಿಗೆ ಒಗ್ಗುವ ಸಿದ್ಧ ಪ್ರತಿ ಎಲ್ಲೂ ಸಿಗಲಿಲ್ಲ. ಸಿಕ್ಕಿದ್ದು ಅದರ ಹೊಸ ಆವೃತ್ತಿಯ ಸೋರ್ಸ್ ಕೋಡು ಮಾತ್ರ. ಅಂಗಡಿಯಲ್ಲಿ ಸೀರೆ ಸಿಗದೆ ನೂಲಿನ ಲಡಿ ತಂದುಕೊಂಡ ಹಾಗಾಯಿತು. ಲೈಬ್ರರಿಯನ್ನು ನಾನೇ ಕಟ್ಟಬೇಕು.

ಕಟ್ಟತೊಡಗಿದೆ. ಪರದೆಯ ಮೇಲೆ ಸಾಲುಗಳು ಓಡುತ್ತಿದ್ದವು.

"ಏನ್ ನಡದೈತಿ ಈಗ?"

"ಎರಡು ಭಾಗ ಬ್ಯಾರೆ ಬ್ಯಾರೆ ತಯಾರಾಗ್ಯಾವು ಚಿಗವ್ವ. ಕೂಡಸಾಕತ್ತೇನಿ."

"ಕೊಂಡಿ ಅನ್ನು ಹಂಗಾರ."

ನಮ್ಮ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ; ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಸಿಕ್ಕಿಸಿ ಎರಡನ್ನೂ ಕೂಡಿಸುವುದೇ ಕೊಂಡಿ.

"ಕೊಂಡಿ ಹಚ್ಚೂಮುಂದ ಮಾತಾಡಬಾರದು, ಎಳಿ ತಪ್ಪತಾವು" ಎಂದು ಎಚ್ಚರಿಸಿದ ಚಿಗವ್ವ, ಮುಂದೆ ತಾನೇ ಬಾಯಿಗೆ ಬಿಡುವು ಕೊಡಲಿಲ್ಲ.

ಕೂಡಿತು. ಫೈಲು ತೆರೆಯಿತು. ಕೆಂಪು ಸೆರಗು, ಅದರ ಮೇಲೆ ಬಿಳಿ ತೆನೆಗಳು. ಆದರೆ ತೆನೆಗಳ ತುದಿ ಕೆಳಗೆ, ಬುಡ ಮೇಲೆ. ಹೊಸ ಲೈಬ್ರರಿ ಪರದೆಯನ್ನು ಕೆಳಗಿನಿಂದ ಅಳೆಯುತ್ತದೆ, ನನ್ನ ಪ್ರೋಗ್ರಾಮು ಮೇಲಿನಿಂದ. ನಾನು ಕಟ್ಟಿಕೊಂಡ ಚಿಂತೆಗಳಲ್ಲಿ ಇದೊಂದು ಇರಲಿಲ್ಲ.

"ತಲಿಕೆಳಗಾಗೇತಿ ಚಿಗವ್ವ, ತಡಿ, ಈಗ ತಿದ್ದತೇನಿ."

ಅವಳು ನನ್ನ ಮುಂಗೈ ಹಿಡಿದಳು.

"ಇರಲಿ ಬಿಡೋ. ಕೊಂಡಿ ಹಚ್ಚೂಮುಂದ ನಾ ಅವರ ಎದುರಿಗೆ ಕೂಡ್ತಿದ್ದೆ. ಅವರು ನೇಯಾಕ ಹತ್ತಿದ ಮ್ಯಾಲೂ ಏಳ್ತಿರಲಿಲ್ಲ, ಅಲ್ಲೇ ಕುಂತು ನೋಡ್ತಿದ್ದೆ. ಅವರ ಸೆರಗು ನನಗ ಯಾವಾಗ್ಲೂ ಹಿಂಗ ಕಾಣ್ತಿತ್ತು."

ಮುಂಗೈ ಬಿಡುತ್ತ ಮತ್ತೆ ಅಂದಳು: "ನೇಯೂಮುಂದ ತಿರುವಿ ಕೊಡು. ಇವತ್ತು ಹಿಂಗ ಇರಲಿ."

ತೆನೆಗಳು ತಲೆಕೆಳಗಾಗಿಯೇ ಇದ್ದವು. ನಾನು ಕೀಲಿಮಣೆಯಿಂದ ಕೈ ತೆಗೆದೆ.